ವ್ಯಾಕ್ಯೂಮ್ ಕ್ಲೀನರ್‌ನ ಮೂತಿಗಳು: ಒಬ್ಬ ರಿಪೇರಿಯವನ ಮಾತು

ಕಳೆದ ಭಾನುವಾರ ಮುಂಬೈಯ ಮಾಟುಂಗಾದಲ್ಲಿ ನಮ್ಮ ಕನ್ನಡ ಬಳಗದವರ ಮುಂದೆ ಒಂದು ಗಂಟೆ ಮಾತಾಡಿದೆ. ಬಂದವರಲ್ಲಿ ಕೆಲವರು, ಇದನ್ನು ಬರೆದು ಕೊಡಿ ಅಂದರು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಅಲ್ಲಿ ಟೇಬಲ್ ಮೇಲಿಟ್ಟು ತೋರಿಸಿದ ಸಾಮಾನನ್ನು ಇಲ್ಲಿ ತೋರಿಸಲು ಆಗುವುದಿಲ್ಲ, ಅದಕ್ಕೇ ಒಂದೆರಡು ಕಡೆ ವಿವರ ಜಾಸ್ತಿ ಕೊಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈ ಟೇಬಲ್ ಮೇಲೆ ಹನ್ನೊಂದು ಸಾಮಾನು ಇಟ್ಟಿದ್ದೇನೆ. ಎಲ್ಲವೂ ವ್ಯಾಕ್ಯೂಮ್ ಕ್ಲೀನರ್ ಪೈಪಿನ ತುದಿಗೆ ಸಿಕ್ಕಿಸುವಂಥವು. ಕಂಪನಿಯವರು ಇದಕ್ಕೆ ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ನನ್ನ ಅಂಗಡಿಯಲ್ಲಿ ನಾವು ಮೂತಿ ಅನ್ನುತ್ತೇವೆ. ಸಂದಿಗೆ ಹೋಗುವ ಚಪ್ಪಟೆ ಮೂತಿ, ಬ್ರಷ್ ಮೂತಿ, ಸೋಫಾ ಮೂತಿ, ನೆಲದ ಮೂತಿ. ಇಲ್ಲಿರುವುದರಲ್ಲಿ ತುಂಬಾ ಹಳೆಯದು 1980ರ ದಶಕದ್ದು. ತುಂಬಾ ಹೊಸದು ಹೋದ ತಿಂಗಳು ರಿಪೇರಿಗೆ ಬಂದದ್ದು. ಹಳೆಯದು ಇವತ್ತಿಗೂ ಕೆಲಸ ಮಾಡುತ್ತದೆ, ಹೊಸದು ಮೂರೇ ವರ್ಷಕ್ಕೆ ಬಿರುಕು ಬಿಟ್ಟು ಕೂತಿದೆ.

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ಹೇಳಲು ನಾನು ಬಂದಿಲ್ಲ. ಹಳೆಯದರ ಕಾಟ ಏನು ಅಂತ ನನ್ನ ಕೈಗಳಿಗೆ ಚೆನ್ನಾಗಿ ಗೊತ್ತು. ನಾನು ಹೇಳಬೇಕು ಅಂತಿರುವುದು ಒಂದೇ ವಿಷಯ. ಮೆಷಿನ್ ಕೊಳ್ಳುವಾಗ ಎಲ್ಲರೂ ಮೋಟಾರಿನ ವ್ಯಾಟ್ ಕೇಳುತ್ತಾರೆ, ಮೂತಿಯನ್ನು ಯಾರೂ ಕೈಯಲ್ಲಿ ಹಿಡಿದು ನೋಡುವುದಿಲ್ಲ, ಇದು ಕಂಪನಿಗಳಿಗೂ ಗೊತ್ತಾಗಿಹೋಗಿದೆ, ಹಾಗಾಗಿ ಎಲ್ಲಾದರೂ ಖರ್ಚು ಉಳಿಸಬೇಕು ಅಂದಾಗ ಮೊದಲ ಕತ್ತರಿ ಬೀಳುವುದು ಮೂತಿಯ ಮೇಲೆ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಕುಂದಾಪುರದ ಕಡೆಯವನು. ಇಲ್ಲಿ ಕೂತಿರುವ ಎಷ್ಟೋ ಮಂದಿಯ ಹಾಗೆ ಮಾವನ ಹೋಟೆಲಿಗೆ ಅಂತ ಮುಂಬೈಗೆ ಬಂದವನು. ಹಗಲು ಹೋಟೆಲು, ಸಂಜೆ ಮೇಲೆ ಕನ್ನಡ ರಾತ್ರಿ ಶಾಲೆ. ಆಮೇಲೆ ಐಟಿಐ ಮಾಡಿದೆ. 1989ರಲ್ಲಿ ಮನೆ ಸಾಮಾನು ರಿಪೇರಿ ಮಾಡುವ ಏಜೆನ್ಸಿಯೊಂದಕ್ಕೆ ಸೇರಿದೆ. ಈಗ ಚೆಂಬೂರಿನಲ್ಲಿ ನನ್ನದೇ ಸಣ್ಣ ಅಂಗಡಿ ಇದೆ. ಮಿಕ್ಸಿ, ಫ್ಯಾನು ಕೂಡ ಮಾಡುತ್ತೇನೆ, ಆದರೆ ಮನಸ್ಸು ಇರುವುದು ವ್ಯಾಕ್ಯೂಮ್ ಕ್ಲೀನರ್ ಮೇಲೆ.

ಇದರ ಕಥೆ ಮೂತಿಯಿಂದಲೇ ಶುರುವಾಗುತ್ತದೆ, ಅದಕ್ಕೇ ಹೇಳುತ್ತೇನೆ. ಹ್ಯೂಬರ್ಟ್ ಸೆಸಿಲ್ ಬೂತ್ ಅಂತ ಲಂಡನ್ನಿನ ಇಂಜಿನಿಯರ್ ಒಬ್ಬರಿದ್ದರು. ಧೂಳನ್ನು ಊದಿ ಓಡಿಸುವ ಒಂದು ಮೆಷಿನ್ನಿನ ಪ್ರದರ್ಶನ ನೋಡಲು ಹೋಗಿದ್ದರು. ಊದಿದರೆ ಧೂಳು ಎದ್ದು ಮತ್ತೆ ಅಲ್ಲೇ ಕೂರುತ್ತದೆ. ಎಳೆದರೆ ಹೇಗೆ ಅಂತ ಅವರಿಗೆ ಹೊಳೆಯಿತು. ಒಂದು ಹೋಟೆಲಿನಲ್ಲಿ ಮೆತ್ತೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿ ಇಟ್ಟು ಜೋರಾಗಿ ಉಸಿರು ಎಳೆದರು. ಕೆಮ್ಮಿ ಕೆಮ್ಮಿ ಸಾಕಾಯಿತು. ಆದರೆ ಕರವಸ್ತ್ರದ ಅಡಿಯಲ್ಲಿ ಧೂಳಿನ ಕಪ್ಪು ಗುರುತು ಬಿದ್ದಿತ್ತು. ಅಂದರೆ ಈ ಲೋಕದ ಮೊದಲ ಮೂತಿ ಮನುಷ್ಯನ ಬಾಯಿ, ಮೊದಲ ಫಿಲ್ಟರ್ ಕರವಸ್ತ್ರ. 1901ರಲ್ಲಿ ಅವರು ಪೇಟೆಂಟ್ ತೆಗೆದುಕೊಂಡರು. ಆ ಮೆಷಿನ್ ಎಷ್ಟು ದೊಡ್ಡದು ಅಂದರೆ ಕುದುರೆ ಗಾಡಿಯ ಮೇಲೆ ಎಳೆದುಕೊಂಡು ಬರಬೇಕಿತ್ತು. ಅದು ಬೀದಿಯಲ್ಲೇ ನಿಲ್ಲುತ್ತಿತ್ತು. ಕಿಟಕಿಯಿಂದ ಉದ್ದುದ್ದ ಹೋಸ್, ಅಂದರೆ ಬಾಗುವ ಪೈಪು, ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ ಸ್ವಚ್ಛ ಮಾಡಿದ್ದೂ ಬೂತ್ ಅವರ ಮೆಷಿನ್ನೇ.

ಇದನ್ನು ನಾನು ತುಂಬಾ ಸಲ ಯೋಚಿಸಿದ್ದೇನೆ. ಆ ಕಾಲದಲ್ಲಿ ಮನೆಯೊಳಗೆ ಬರುತ್ತಿದ್ದದ್ದು ಹೋಸ್ ಮತ್ತು ಮೂತಿ ಮಾತ್ರ. ಮೋಟಾರು, ಎಂಜಿನ್ನು, ಚೀಲ ಎಲ್ಲ ಹೊರಗೆ. ಮನೆಯವರ ಕಣ್ಣಿಗೆ ಆ ಮೂತಿಯೇ ಮೆಷಿನ್.

ಆಮೇಲೆ ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್ ಊರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಂತ ಒಬ್ಬರು. ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ, ಮೇಲೆ ಆಸ್ತಮಾ. ಧೂಳು ತಡೆಯಲಾರದೆ ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಇಷ್ಟನ್ನು ಸೇರಿಸಿ ಒಂದು ಮೆಷಿನ್ ಮಾಡಿಕೊಂಡರು. ಅದರ ಬಾಯಲ್ಲಿ ತಿರುಗುವ ಬ್ರಷ್ ಇತ್ತು. 1908ರಲ್ಲಿ ಪೇಟೆಂಟ್ ಸಿಕ್ಕಿತು, ಹೂವರ್ ಕುಟುಂಬ ಅದನ್ನು ಕೊಂಡುಕೊಂಡಿತು. ಈಗ ನೀವು ಕಾರ್ಡ್‌ಲೆಸ್, ಅಂದರೆ ವೈರಿಲ್ಲದೆ ಬ್ಯಾಟರಿಯಲ್ಲಿ ಓಡುವ, ಮೆಷಿನ್ನುಗಳಲ್ಲಿ ನೋಡುವ ತಿರುಗುವ ಬ್ರಷ್‌ಗೆ ಆ ಗುಡಿಸುವವರೇ ಅಜ್ಜ. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ತನ್ನ ಮಾಡೆಲ್ ವಿ ತಂದಿತು. ಉದ್ದನೆಯ ಉರುಳೆಯ ಹಾಗೆ ನೆಲದ ಮೇಲೆ ಮಲಗುವ ಮೆಷಿನ್, ಅದಕ್ಕೊಂದು ಹೋಸ್. ಹೋಸ್ ಬಂದ ಮೇಲೆ ಅದರ ತುದಿಗೆ ಏನು ಬೇಕಾದರೂ ಸಿಕ್ಕಿಸಬಹುದು ಅಲ್ವಾ? ಮೂತಿಗಳ ಸಂಸಾರ ಬೆಳೆದದ್ದು ಅಲ್ಲಿಂದ.

ನಮ್ಮಲ್ಲಿ ಮನೆ ಮನೆಗೂ ಇದು ಗೊತ್ತಾದದ್ದು ಯುರೇಕಾ ಫೋರ್ಬ್ಸ್‌ನಿಂದ. 1982ರಲ್ಲಿ ಶುರುವಾದ ಕಂಪನಿ. ಟೈ ಕಟ್ಟಿಕೊಂಡ ಹುಡುಗರು ಬಾಗಿಲು ತಟ್ಟಿ, ಒಳಗೆ ಬಂದು, ನಿಮ್ಮದೇ ಹಾಸಿಗೆಯಿಂದ ಧೂಳು ತೆಗೆದು ಬಟ್ಟೆಯ ಮೇಲೆ ಸುರಿದು ತೋರಿಸುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗ ಆ ಮೆಷಿನ್ ಇರುವ ಮನೆಯವರು ಅದನ್ನು ಗೋದ್ರೆಜ್ ಕಪಾಟಿನಲ್ಲಿ ಇಡುತ್ತಿದ್ದರು. ಮೂತಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಇಟ್ಟ ಮನೆಗಳನ್ನು ನೋಡಿದ್ದೇನೆ. ಆ ಗೌರವ ನನಗೆ ಇವತ್ತಿಗೂ ಇಷ್ಟ.

ಈಗ ಮೂತಿ ಏನು ಮಾಡುತ್ತದೆ ಅಂತ ನೋಡೋಣ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಸಾಧಾರಣ ಮನೆಯ ಮೆಷಿನ್ನಿನ ಬಾಯಿ ಪೂರ್ತಿ ಮುಚ್ಚಿದರೆ ಅದು ಸುಮಾರು 20 ಕಿಲೋಪ್ಯಾಸ್ಕಲ್ ಎಳೆತ ಕೊಡುತ್ತದೆ. ನೀರಿನ ಲೆಕ್ಕದಲ್ಲಿ ಹೇಳಿದರೆ ಎರಡು ಮೀಟರ್ ಎತ್ತರಕ್ಕೆ ನೀರನ್ನು ಏರಿಸುವಷ್ಟು ಶಕ್ತಿ. ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ, ಮೋಟಾರು ಸುಟ್ಟುಹೋಗುತ್ತದೆ. ಆದರೆ ಬಾಯಿ ಮುಚ್ಚಿದಾಗ ಗಾಳಿ ಹರಿಯುವುದೇ ಇಲ್ಲ. ಗಾಳಿ ಹರಿಯದೆ ಧೂಳು ಬರುವುದಿಲ್ಲ. ಬಾಯಿ ಪೂರ್ತಿ ತೆರೆದಿಟ್ಟರೆ ಗಾಳಿ ಧಾರಾಳ ಹರಿಯುತ್ತದೆ, ಆದರೆ ಅಂಟಿ ಕೂತ ಧೂಳನ್ನು ಕೀಳುವ ಎಳೆತ ಇರುವುದಿಲ್ಲ. ಈ ಎರಡರ ನಡುವೆ ಸರಿಯಾದ ಜಾಗ ಹಿಡಿದು ಕೊಡುವುದು ಮೂತಿ. ಅದಕ್ಕೇ ಸಂದಿಗೆ ಕಿರಿದು ಬಾಯಿ, ಪರದೆಗೆ ಅಗಲ ಬಾಯಿ, ನೆಲಕ್ಕೆ ಅಗಲವಾದರೂ ಅಡಿಯಲ್ಲಿ ತೆಳುವಾದ ಸೀಳು. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಕೆಲಸ ಕೆಡುತ್ತದೆ. ಅಲ್ಲದೆ ಮೂತಿ, ಪೈಪು, ಹೋಸ್ ಕೂಡುವ ಒಂದೊಂದು ಜಾಗದಲ್ಲೂ ಸ್ವಲ್ಪ ಸ್ವಲ್ಪ ಗಾಳಿ ಸೋರಿದರೆ 1,600 ವ್ಯಾಟ್ ಮೋಟಾರು ಕೂಡ ಸುಮ್ನೆ ಸದ್ದು ಮಾಡುತ್ತದೆ, ಅಷ್ಟೇ. "ಮೋಟಾರು ವೀಕ್ ಆಗಿದೆ" ಅಂತ ನನ್ನ ಅಂಗಡಿಗೆ ಬರುವ ಮೆಷಿನ್ನುಗಳಲ್ಲಿ ತುಂಬಾ ಸಲ ಮೋಟಾರು ಗಟ್ಟಿಯಾಗೇ ಇರುತ್ತದೆ. ಚೀಲ ತುಂಬಿರುತ್ತದೆ, ಇಲ್ಲವೇ ಹೋಸ್ ಹಿಡಿಯ ಹತ್ತಿರ ಸೀಳಿರುತ್ತದೆ.

ಹಳೆಯ ಪೈಪುಗಳು ಉಕ್ಕಿನವು, ಮೇಲೆ ಕ್ರೋಮ್. ಮೂತಿಗಳಲ್ಲಿ ಕೆಲವು ಅಲ್ಯೂಮಿನಿಯಂ ಎರಕದವು. ಈ ಚಪ್ಪಟೆ ಮೂತಿಯನ್ನು ಕೈಯಲ್ಲಿ ಹಿಡಿದು ನೋಡಿ, ತೂಕ ಗೊತ್ತಾಗುತ್ತದೆ. ಅಂಚು ಎಷ್ಟು ನುಣುಪಾಗಿದೆ ನೋಡಿ, ಸೋಫಾ ಬಟ್ಟೆಗೆ ಸಿಕ್ಕಿಕೊಳ್ಳುವುದೇ ಇಲ್ಲ. ಇದನ್ನು ಪೈಪಿಗೆ ಒತ್ತಿ ಕಾಲು ಸುತ್ತು ತಿರುಗಿಸಿದರೆ ಸಾಕು, ಹಿಡಿದುಕೊಳ್ಳುತ್ತದೆ. ಕ್ಲಿಪ್ ಇಲ್ಲ, ಬಟನ್ ಇಲ್ಲ. ಪೈಪಿನ ತುದಿ ತುಸು ಸಪೂರ, ಮೂತಿಯ ಬಾಯಿ ತುಸು ಅಗಲ, ಉಜ್ಜಾಟದಲ್ಲೇ ಹಿಡಿತ. ಒಡೆಯುವ ಭಾಗವೇ ಇಲ್ಲ.

ಕಾಟ ಏನು ಅಂದರೆ ತುಕ್ಕು. ವರ್ಳಿ, ಮರೀನ್ ಡ್ರೈವ್ ಕಡೆ ಸಮುದ್ರಕ್ಕೆ ಮುಖ ಮಾಡಿದ ಮನೆಗಳಲ್ಲಿ ಉಪ್ಪುಗಾಳಿಗೆ ಕ್ರೋಮ್ ಚುಕ್ಕೆ ಚುಕ್ಕೆಯಾಗಿ ಏಳುತ್ತಿತ್ತು. ಎರಡು ಪೈಪು ಒಂದಕ್ಕೊಂದು ಕಚ್ಚಿಕೊಂಡರೆ ಬಿಡಿಸಲು ಆಗುತ್ತಿರಲಿಲ್ಲ. ಹೊರಗಿನ ಪೈಪಿನ ಮೇಲೆ ಬಿಸಿನೀರು ಹೊಯ್ಯಬೇಕು, ಅದು ಮೊದಲು ಹಿಗ್ಗುತ್ತದೆ, ಆಗ ತಟಕ್ಕನೆ ತಿರುವಬೇಕು. ತಡ ಮಾಡಿದರೆ ಒಳಗಿನದೂ ಬಿಸಿಯಾಗಿ ಮತ್ತೆ ಅದೇ ಕಥೆ. ವಯಸ್ಸಾದ ಅಮ್ಮಂದಿರಿಗೆ ಆ ಪೈಪು ಎತ್ತಿ ಫ್ಯಾನಿನ ರೆಕ್ಕೆ ಒರೆಸುವುದು ಕಷ್ಟವೇ ಆಗುತ್ತಿತ್ತು. ಪ್ಲಾಸ್ಟಿಕ್ ಬಂದಾಗ ಅವರು ಖುಷಿಪಟ್ಟರು. ಅದರಲ್ಲಿ ತಪ್ಪೇನಿಲ್ಲ.

ಪ್ಲಾಸ್ಟಿಕ್ ಅಂದಕೂಡಲೇ ಕಳಪೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಎಬಿಎಸ್ ಅನ್ನುವ ಪ್ಲಾಸ್ಟಿಕ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಒಳ್ಳೆಯ ದಪ್ಪದಲ್ಲಿ ಮಾಡಿದರೆ ಅದು ಗಟ್ಟಿ ಸಾಮಾನು. 1990ರ ದಶಕದ ಒಂದು ಎಬಿಎಸ್ ಮೂತಿ ಇಲ್ಲಿದೆ, ಬಣ್ಣ ಹಳದಿಗೆ ತಿರುಗಿದೆ, ಬಿರುಕು ಒಂದೂ ಇಲ್ಲ. ಅದರ ಪಕ್ಕದಲ್ಲಿ ಹೊಸದು ಇಟ್ಟಿದ್ದೇನೆ. ಎರಡರ ಗೋಡೆಯ ದಪ್ಪ ನೋಡಿ. ಹಳೆಯದು ಮೂರು ಮಿಲಿಮೀಟರ್, ಹೊಸದು ಒಂದೂವರೆ ಮಿಲಿಮೀಟರ್. ನಾನೇ ಕ್ಯಾಲಿಪರ್ ಹಿಡಿದು ಅಳೆದದ್ದು. ಜಾತಿ ಅದೇ ಪ್ಲಾಸ್ಟಿಕ್, ಹೋದದ್ದು ದಪ್ಪ. ಇನ್ನೊಂದು ಮಾತು. ಒತ್ತಡದಲ್ಲಿರುವ ಎಬಿಎಸ್‌ಗೆ ಎಣ್ಣೆ ಜಿಡ್ಡು ತಾಗುತ್ತಾ ಇದ್ದರೆ ಕೂದಲೆಳೆಯ ಹಾಗೆ ಬಿರುಕು ಬೀಳುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹತ್ತಿರ ಬಳಸಿದ ಮೂತಿಗಳು ಪೈಪಿಗೆ ಸಿಕ್ಕಿಸುವ ಬಾಯಲ್ಲೇ ಒಡೆದು ಬರುವುದಕ್ಕೆ ಕಾರಣ ಇದು. ಬಳಸಿದ ಮೇಲೆ ಸೋಪಿನ ನೀರಲ್ಲಿ ತೊಳೆದು, ಪೈಪಿನಿಂದ ಬಿಡಿಸಿ ಇಡಿ. ಇಷ್ಟರಿಂದಲೇ ವರ್ಷಗಳು ಸಿಗುತ್ತವೆ.

ಪುಣೆಗೂ ಕೆಲವು ವರ್ಷ ಸರ್ವಿಸಿಗೆ ಹೋಗುತ್ತಿದ್ದೆ. ಡಿಸೆಂಬರ್ ಬಂತು ಅಂದರೆ ಅಲ್ಲಿಂದ ಒಂದೇ ದೂರು, "ಮೆಷಿನ್ ಶಾಕ್ ಹೊಡೆಯುತ್ತದೆ" ಅಂತ. ವೈರಿಂಗ್ ಬಿಚ್ಚಿ ನೋಡಿದರೆ ಏನೂ ತಪ್ಪಿಲ್ಲ. ಪ್ಲಾಸ್ಟಿಕ್ ಪೈಪಿನೊಳಗೆ ಒಣ ಧೂಳು ಉಜ್ಜಿಕೊಂಡು ಓಡುವಾಗ ವಿದ್ಯುತ್ ಜಮಾ ಆಗುತ್ತದೆ, ಚಳಿಗಾಲದ ಒಣ ಹವೆಯಲ್ಲಿ ಅದು ಕೈಗೆ ಚಿಟಕ್ಕನೆ ಹಾರುತ್ತದೆ. ಅದೇ ಮಾಡೆಲ್ ಮುಂಬೈಯಲ್ಲಿ, ನಮ್ಮ ಒದ್ದೆ ಗಾಳಿಯಲ್ಲಿ, ಆ ದೂರು ತರುವುದೇ ಇಲ್ಲ. ಆ ವಿದ್ಯುತ್ತಿನಿಂದಲೇ ಧೂಳು ಮೂತಿಗೂ ಬ್ರಷ್‌ಗೂ ಅಂಟಿಕೊಳ್ಳುತ್ತದೆ. ಈಗ ಡೈಸನ್‌ನಂಥ ಕಂಪನಿಗಳು ನೆಲದ ಬ್ರಷ್‌ನಲ್ಲಿ ಕಾರ್ಬನ್ ನಾರು ಸೇರಿಸುತ್ತವಲ್ಲ, ಅದು ಈ ಜಮಾ ಆದ ವಿದ್ಯುತ್ತನ್ನು ಹರಿದುಹೋಗಲು ಬಿಡಲಿಕ್ಕೆ. ಇದು ನಿಜವಾದ ಸುಧಾರಣೆ, ನಾನು ಮನಸಾರೆ ಮೆಚ್ಚುತ್ತೇನೆ.

ಬ್ರಷ್ ಅಂದಾಗ ಕೂದಲಿನ ವಿಷಯ ಬರುತ್ತದೆ. ಹಳೆಯ ಧೂಳಿನ ಬ್ರಷ್‌ಗಳಲ್ಲಿ ಕುದುರೆ ಕೂದಲು ಇರುತ್ತಿತ್ತು. ಮೆತ್ತಗೆ, ಆದರೆ ಸೊಟ್ಟಗಾದರೆ ತಾನೇ ನೆಟ್ಟಗಾಗುತ್ತದೆ. ನೈಲಾನ್ 1938ರಲ್ಲಿ ಹಲ್ಲುಜ್ಜುವ ಬ್ರಷ್‌ನಲ್ಲಿ ಮೊದಲು ಬಂತು, ಆಮೇಲೆ ಎಲ್ಲ ಕಡೆ ಹರಡಿತು. ನೈಲಾನ್ ಕೊಳೆಯುವುದಿಲ್ಲ, ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದೂ ಕಡಿಮೆ. ಮುಂಬೈ ಜುಲೈನಲ್ಲಿ ಕುದುರೆ ಕೂದಲಿನ ಬ್ರಷ್ ಒದ್ದೆ ನಾಯಿಯ ವಾಸನೆ ಬರುತ್ತಿತ್ತು, ಅದನ್ನು ಒಪ್ಪಲೇಬೇಕು. ಆದರೆ ಅಗ್ಗದ ನೈಲಾನನ್ನು ಒಂದು ಪಕ್ಕಕ್ಕೆ ಒರಗಿಸಿ ಇಟ್ಟರೆ ಹಾಗೇ ಬಾಗಿ ನಿಂತುಬಿಡುತ್ತದೆ, ಆಮೇಲೆ ಧೂಳಿನ ಮೇಲೆ ಜಾರುತ್ತದೆ ಹೊರತು ಗುಡಿಸುವುದಿಲ್ಲ. ಇಲ್ಲಿ ನನಗೆ ಕೂದಲಿಗಿಂತ ಮುಖ್ಯ ಬೇರೊಂದು. ಹಳೆಯ ನೆಲದ ಮೂತಿಯಲ್ಲಿ ಕೂದಲಿನ ಪಟ್ಟಿಯನ್ನು ಎರಡು ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ಸವೆದರೆ ಪಟ್ಟಿ ಮಾತ್ರ ಬದಲಿಸಿದರಾಯಿತು. ಈಗ ಎಷ್ಟೋ ಮೂತಿಗಳಲ್ಲಿ ಪಟ್ಟಿ ಪ್ಲಾಸ್ಟಿಕ್ ಜೊತೆಗೇ ಸೇರಿಹೋಗಿರುತ್ತದೆ. ಕೂದಲು ಸವೆಯಿತು ಅಂದರೆ ಮೂತಿಯೇ ಕಸ.

ಹೋಸಿನ ಕಥೆಯೂ ಇದೇ. ಹೋಸ್ ಯಾವಾಗಲೂ ಸೀಳುವುದು ಹಿಡಿಯ ಹತ್ತಿರ ನಾಲ್ಕು ಇಂಚಿನಲ್ಲಿ, ಯಾಕೆಂದರೆ ಬಾಗುವುದು ಅಲ್ಲೇ. ಹೋಸಿನ ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದಕ್ಕೆ ಹಾಕಿದ ದ್ರವ ವರ್ಷ ಕಳೆದ ಹಾಗೆ ಹೊರಗೆ ಬಂದು ಆರುತ್ತದೆ, ಬಿಸಿಲಿನಲ್ಲಿಟ್ಟರೆ ಇನ್ನೂ ಬೇಗ, ಆಮೇಲೆ ಹೋಸ್ ಒಣಗಿದ ತೊಗಲಿನ ಹಾಗೆ ಪಟ್ ಅನ್ನುತ್ತದೆ. ಮೊದಲು ನಾವು ಏನು ಮಾಡುತ್ತಿದ್ದೆವು ಗೊತ್ತಾ? ಸೀಳಿದ ನಾಲ್ಕು ಇಂಚು ಕತ್ತರಿಸಿ ಬಿಸಾಡುವುದು, ಹೋಸಿನ ಸುರುಳಿಯನ್ನೇ ಥ್ರೆಡ್ ಮಾಡಿಕೊಂಡು ಹಿಡಿಯನ್ನು ಮತ್ತೆ ತಿರುವಿ ಕೂರಿಸುವುದು. ಕೆಲವು ಉಲ್ಟಾ ತಿರುಗುತ್ತವೆ, ಗೊತ್ತಿಲ್ಲದವರು ಬಲ ಹಾಕಿ ಮುರಿಯುತ್ತಾರೆ. ಹತ್ತು ನಿಮಿಷದ ಕೆಲಸ. ಹೋಸ್ ನಾಲ್ಕು ಇಂಚು ಗಿಡ್ಡ ಆಗುತ್ತದೆ, ಇನ್ನೂ ಐದಾರು ವರ್ಷ ಬಾಳುತ್ತದೆ. ಘಾಟ್ಕೋಪರ್‌ನ ಒಂದು ಮನೆಯ ಹೋಸನ್ನು ನಾನು ಮೂರು ಸಲ ಹೀಗೆ ಕತ್ತರಿಸಿದ್ದೇನೆ. ಈಗಿನ ಹೋಸುಗಳಲ್ಲಿ ತುಂಬಾ ಕಡೆ ಹಿಡಿಯನ್ನು ಅಂಟಿಸಿಬಿಟ್ಟಿರುತ್ತಾರೆ. ಕತ್ತರಿಸಿದರೆ ಮತ್ತೆ ಕೂರಿಸುವ ದಾರಿಯೇ ಇಲ್ಲ. ಹೋಸ್ ಪೂರ್ತಿ ಹೊಸದು ತರಬೇಕು.

ನನ್ನ ಅಕ್ಕನ ಮನೆಯಲ್ಲೇ ಆದದ್ದು ಹೇಳುತ್ತೇನೆ. ಅಕ್ಕ ಡೊಂಬಿವ್ಲಿಯಲ್ಲಿದ್ದಾಳೆ. ಅವಳ ಮಗ ಕಾರ್ಡ್‌ಲೆಸ್ ಮೆಷಿನ್ ತಂದುಕೊಟ್ಟ. ಕಂಪನಿ ಹೆಸರು ಬೇಡ. ಒಳ್ಳೆಯ ಮೆಷಿನ್, ಹಗುರ, ಟೈಲ್ಸ್ ಮೇಲೆ ಚೆನ್ನಾಗಿ ಓಡುತ್ತಿತ್ತು. ಮೂರನೇ ವರ್ಷ ನೆಲದ ಮೂತಿಯ ಲಾಕ್ ಬಟನ್ ಮುರಿಯಿತು. ಕಿರುಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್. ಕಂಪನಿಗೆ ಫೋನ್ ಮಾಡಿದೆ. ಬಟನ್ ಬೇರೆ ಸಿಗುವುದಿಲ್ಲ, ಮೂತಿ ಪೂರ್ತಿ ತೆಗೆದುಕೊಳ್ಳಬೇಕು ಅಂದರು. ಅದರ ಬೆಲೆ ಹೆಚ್ಚುಕಡಿಮೆ ಮೆಷಿನ್ನಿನ ಅರ್ಧ. ಆಗಲಿ, ಕೊಡಿ ಅಂದೆ. ಸ್ಟಾಕ್ ಇಲ್ಲ, ಆ ಮಾಡೆಲ್ ನಿಂತಿದೆ ಅಂದರು. ಮೋಟಾರು ಸರಿ ಇದೆ, ಬ್ಯಾಟರಿ ಸರಿ ಇದೆ, ಉಗುರಿನಷ್ಟು ಪ್ಲಾಸ್ಟಿಕ್ಕಿಗಾಗಿ ಮೆಷಿನ್ ಮೂಲೆ ಸೇರಬೇಕಾ? ಮೂವತ್ತು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸ ಮಾಡಿದವನಿಗೆ ಆ ದಿನ ನಿಜವಾಗಿ ಸಿಟ್ಟು ಬಂತು.

ಮೊದಲು ಬೇರೆ ಕಂಪನಿಯ ಮೂತಿ ಹಾಕಿ ಕೆಲಸ ನಡೆಸುತ್ತಿದ್ದೆವು. ಪೈಪುಗಳು ಹೆಚ್ಚಾಗಿ 32 ಮಿಲಿಮೀಟರ್ ಅಥವಾ 35 ಮಿಲಿಮೀಟರ್. ಈ ಎರಡು ಅಳತೆಯ ಮೂತಿ ಡಬ್ಬಿಯಲ್ಲಿದ್ದರೆ ಯಾವ ಮನೆಗೆ ಹೋದರೂ ಚಿಂತೆ ಇರಲಿಲ್ಲ. ಈಗ ಒಂದೊಂದು ಕಂಪನಿಗೆ ಒಂದೊಂದು ಕ್ಲಿಪ್ಪು. ಒಂದೇ ಕಂಪನಿಯ ಎರಡು ಮಾಡೆಲ್ಲಿಗೂ ಬೇರೆ ಬೇರೆ. ಕಾರ್ಡ್‌ಲೆಸ್‌ನಲ್ಲಿ ಮೂತಿಯೊಳಗೇ ಸಣ್ಣ ಮೋಟಾರು ಇರುವುದರಿಂದ ಕರೆಂಟಿನ ಪಿನ್ನುಗಳೂ ಬೇಕು. ಪಿನ್ ಬೇಕು ಅನ್ನುವುದು ನನಗೂ ಅರ್ಥವಾಗುತ್ತದೆ. ಆದರೆ ಕರೆಂಟೇ ಬೇಡದ ಚಪ್ಪಟೆ ಮೂತಿಗೂ ಬೇರೆ ಕ್ಲಿಪ್ ಯಾಕೆ?

ಒಳ್ಳೆಯದೂ ಆಗಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಯುರೋಪಿನ ದೇಶಗಳು ಮೆಷಿನ್ನಿನ ವ್ಯಾಟಿಗೆ ಮಿತಿ ಹಾಕಿದವು. 2014ರ ಸೆಪ್ಟೆಂಬರಿನಿಂದ 1,600 ವ್ಯಾಟ್, 2017ರ ಸೆಪ್ಟೆಂಬರಿನಿಂದ 900 ವ್ಯಾಟ್. ಆಗ ಬಹಳ ಮಂದಿ, ಇನ್ನು ಧೂಳು ಹೋದ ಹಾಗೇ ಅಂತ ಗಲಾಟೆ ಮಾಡಿದರು. ಆದದ್ದೇನು? ಮೋಟಾರು ದೊಡ್ಡದು ಮಾಡಿ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು, ಇಂಜಿನಿಯರ್‌ಗಳು ಮತ್ತೆ ಮೂತಿಯ ಕಡೆ ತಿರುಗಿದರು. ಸೀಳಿನ ಆಕಾರ, ಗಾಳಿ ಒಳಗೆ ಬರುವ ದಾರಿ, ನೆಲಕ್ಕೆ ಕೂರುವ ಅಂಚು ಎಲ್ಲವನ್ನೂ ತಿದ್ದಿದರು. ಅದೇ ಕಾನೂನಿನಲ್ಲಿ ಇನ್ನೂ ಎರಡು ಮಾತಿವೆ, ನನಗೆ ಅವು ಬಾಯಿಪಾಠ. ಹೋಸನ್ನು 40,000 ಸಲ ಬಾಗಿಸಿದ ಮೇಲೂ ಅದು ಬಳಸುವ ಹಾಗಿರಬೇಕು. ಮೋಟಾರು ಕಡಿಮೆ ಅಂದರೂ 500 ಗಂಟೆ ಬಾಳಬೇಕು. ಹೋಸಿಗೆ ಅಂತ ಕಾನೂನಿನಲ್ಲಿ ಒಂದು ಸಾಲು ಇರುವುದನ್ನು ಮೊದಲು ಓದಿದಾಗ, ನಮ್ಮ ಕೆಲಸವನ್ನು ಯಾರೋ ಕಣ್ಣು ಬಿಟ್ಟು ನೋಡಿದ್ದಾರೆ ಅನ್ನಿಸಿತು.

ಯುರೋಪಿನದೆಲ್ಲ ಸರಿ ಅಂತಲ್ಲ. ಅಲ್ಲಿ ಮೆಷಿನ್ನಿಗೆ ಅಂಟಿಸುತ್ತಿದ್ದ ಕರೆಂಟ್ ಉಳಿತಾಯದ ಲೇಬಲ್ಲಿಗೆ ಪರೀಕ್ಷೆ ಮಾಡುತ್ತಿದ್ದದ್ದು ಖಾಲಿ ಚೀಲ ಇಟ್ಟುಕೊಂಡು. ಡೈಸನ್ ಕೋರ್ಟಿಗೆ ಹೋಯಿತು, 2018ರ ನವೆಂಬರಿನಲ್ಲಿ ಆ ಲೇಬಲ್ಲಿನ ನಿಯಮ ರದ್ದಾಯಿತು. ಯಾರ ಮನೆಯಲ್ಲಿ ಚೀಲ ಖಾಲಿ ಇರುತ್ತದೆ, ಹೇಳಿ?

ಫ್ರಾನ್ಸ್‌ನಲ್ಲಿ 2022ರ ನವೆಂಬರಿನಿಂದ ವ್ಯಾಕ್ಯೂಮ್ ಕ್ಲೀನರ್‌ಗೂ ರಿಪೇರಿಯ ಅಂಕ ಬಂದಿದೆ. ಹತ್ತಕ್ಕೆ ಎಷ್ಟು ಅಂತ ಅಂಗಡಿಯಲ್ಲೇ ಬರೆದು ಹಾಕಬೇಕು. ಬಿಡಿಭಾಗ ಸಿಗುತ್ತದಾ, ಬಿಚ್ಚಲು ಆಗುತ್ತದಾ, ಬೆಲೆ ಎಷ್ಟು, ಇದೆಲ್ಲ ಸೇರಿ ಆ ಅಂಕ. ನಮ್ಮ ಸರಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಒಳ್ಳೆಯ ಹೆಜ್ಜೆ. ನನ್ನ ಆಸೆ ಏನೆಂದರೆ ಡಬ್ಬಿಯ ಮೇಲೆ ವ್ಯಾಟಿನ ಪಕ್ಕದಲ್ಲೇ, ಬಟನ್ ಬೇರೆ ಸಿಗುತ್ತದೆ, ಹೋಸ್ ಬೇರೆ ಸಿಗುತ್ತದೆ ಅಂತ ಎರಡು ಸಾಲು ಬರಬೇಕು.

ಇನ್ನು ನಮ್ಮ ಮನೆಗಳ ವಿಷಯ. ಈ ಮೂತಿಗಳನ್ನು ಮೊದಲು ಮಾಡಿದ್ದು ಕಾರ್ಪೆಟ್ ಹಾಸಿದ ಮನೆಗಳಿಗೆ. ಹೂವರ್ 1926ರಲ್ಲಿ ಕಾರ್ಪೆಟನ್ನು ತಟ್ಟಿ ಧೂಳೆಬ್ಬಿಸುವ ದಂಡವನ್ನು ಮೂತಿಯಲ್ಲಿ ಇಟ್ಟಿತು, ಅಲ್ಲಿಗೆ ಅದು ಬೇಕಿತ್ತು. ನಮ್ಮಲ್ಲಿ ಟೈಲ್ಸ್, ಕಡಪ, ಹಳೆಯ ಚಾಳುಗಳಲ್ಲಿ ಶಹಾಬಾದ್ ಕಲ್ಲು. ನೆಲಕ್ಕೆ ಹಿಡಿಸೂಡಿ ಸಾಕು. ನಮಗೆ ಮೆಷಿನ್ ಬೇಕಾಗುವುದು ಬೇರೆ ಕಡೆ: ಕಿಟಕಿಯ ಸರಳು, ಸ್ಲೈಡಿಂಗ್ ಬಾಗಿಲಿನ ಹಳಿ, ಫ್ಯಾನಿನ ರೆಕ್ಕೆ, ಹಾಸಿಗೆ, ದೇವರ ಮಂಟಪದ ಕೆತ್ತನೆ, ಅಟ್ಟ. ಮುಂಬೈಯಲ್ಲಿ ಪಕ್ಕದಲ್ಲೇ ಯಾವುದೋ ಕಟ್ಟಡ ಏಳುತ್ತಾ ಇರುತ್ತದೆ, ಸಿಮೆಂಟಿನ ಧೂಳು ಕಿಟಕಿಯ ಹಳಿಯಲ್ಲಿ ಕೂತು ಮಳೆ ಬಂದರೆ ಗಾರೆಯಾಗುತ್ತದೆ. ಅದಕ್ಕೆ ಬೇಕಾದದ್ದು ಸಪೂರ, ಉದ್ದ, ಗಟ್ಟಿ ಚಪ್ಪಟೆ ಮೂತಿ. ಆದರೆ ಡಬ್ಬಿಯಲ್ಲಿ ಅತಿ ತೆಳು, ಅತಿ ಗಿಡ್ಡ ಸಾಮಾನು ಅದೇ ಆಗಿರುತ್ತದೆ. ಹಳೆಯ ಸೆಟ್ಟಿನಲ್ಲಿ ಊದುವ ವ್ಯವಸ್ಥೆಯೂ ಇರುತ್ತಿತ್ತು, ಹೋಸನ್ನು ಹಿಂದಿನ ಬಾಯಿಗೆ ಸಿಕ್ಕಿಸಿದರೆ ಗಾಳಿ ಹೊರಗೆ ಬರುತ್ತಿತ್ತು. ಹೊಲಿಗೆ ಮೆಷಿನ್ನಿನ ಸಂದಿಗೆ, ಹಾರ್ಮೋನಿಯಂ ಒಳಗಿನ ಧೂಳಿಗೆ ಜನ ಅದನ್ನು ಎಷ್ಟು ಪ್ರೀತಿಯಿಂದ ಬಳಸುತ್ತಿದ್ದರು! ಈಗಿನ ಕಾರ್ಡ್‌ಲೆಸ್‌ಗಳಲ್ಲಿ ಅದು ಹೆಚ್ಚಾಗಿ ಕಾಣುವುದಿಲ್ಲ.

ಟೈಲ್ಸ್ ನೆಲಕ್ಕೆ ಅಂತಲೇ ಬಂದಿರುವ ಮೆತ್ತನೆಯ ಉರುಳೆ ಮೂತಿಯನ್ನು ಮಾತ್ರ ನಾನು ಹೊಗಳುತ್ತೇನೆ. ಅದು ನಯವಾದ ಪುಡಿಯನ್ನೂ ಎತ್ತುತ್ತದೆ, ಕಡಲೆಯಷ್ಟು ದಪ್ಪದ್ದನ್ನೂ ಎತ್ತುತ್ತದೆ. ಹಳೆಯ ಯಾವ ಮೂತಿಯೂ ಈ ಎರಡನ್ನು ಒಟ್ಟಿಗೆ ಮಾಡುತ್ತಿರಲಿಲ್ಲ. ಉದ್ದ ಕೂದಲು ಸುತ್ತಿಕೊಳ್ಳುತ್ತದೆ, ವಾರಕ್ಕೊಮ್ಮೆ ಕತ್ತರಿ ಆಡಿಸಬೇಕು. ತೊಳೆದ ಮೇಲೆ ಪೂರ್ತಿ ಒಣಗಿಸಬೇಕು, ಮಳೆಗಾಲದಲ್ಲಿ ಎರಡು ದಿನ ಫ್ಯಾನಿನ ಕೆಳಗೆ ಇಡಿ. ಒದ್ದೆ ಇರುವಾಗಲೇ ಹಾಕಿದರೆ ಬೇರಿಂಗ್ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಬಂದವು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ, "ಅಣ್ಣ, ಹಾಗಾದರೆ ಅಂಗಡಿಗೆ ಹೋದಾಗ ನಾವು ಏನು ನೋಡಬೇಕು?" ಅಂತ ಕೇಳಿದರು. ಅಕ್ಕ, ಮೊದಲು ಚಪ್ಪಟೆ ಮೂತಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ ಅಂದೆ. ಅದು ಒಳಗೆ ಬಾಗಿದರೆ ಗೋಡೆ ತೆಳು ಅಂತ ಅರ್ಥ. ಪೈಪಿಗೆ ಸಿಕ್ಕಿಸಿ ಅಲ್ಲಾಡಿಸಿ, ಗಡಗಡ ಅಂದರೆ ಗಾಳಿ ಸೋರುತ್ತದೆ. ಮೂತಿಯನ್ನು ಮಗುಚಿ ಸ್ಕ್ರೂ ಇದೆಯಾ ನೋಡಿ, ಸ್ಕ್ರೂ ಕಂಡರೆ ನನ್ನಂಥವರು ಬಿಚ್ಚಬಹುದು. ಬ್ರಷ್ ಕೂದಲನ್ನು ಬೆರಳಿಂದ ಬಾಗಿಸಿ ಬಿಡಿ, ಕೂಡಲೇ ನೆಟ್ಟಗೆ ಎದ್ದು ನಿಲ್ಲಬೇಕು. ಆಮೇಲೆ ಮಾರುವವರ ಹತ್ತಿರ ಒಂದೇ ಪ್ರಶ್ನೆ ಕೇಳಿ, ನೆಲದ ಮೂತಿ ಒಂದನ್ನೇ ಕೊಂಡರೆ ಎಷ್ಟು ರೂಪಾಯಿ ಅಂತ. ಉತ್ತರ ಬಾರದಿದ್ದರೆ ಬೇರೆ ಮೆಷಿನ್ ನೋಡಿ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹತ್ತು ಮೂತಿಗಳ ಸೆಟ್ ತಗೊಳ್ಳಬಹುದಾ ಅಂತ ಒಬ್ಬ ಹುಡುಗ ಕೇಳಿದ. ಮೊದಲು ಪೈಪಿನ ಹೊರ ಅಳತೆ ತೆಗೆದುಕೋ ಮಗ, 32 ಮತ್ತು 35ರ ನಡುವೆ ಬರೀ ಮೂರು ಮಿಲಿಮೀಟರ್, ಕಣ್ಣಿಗೆ ಒಂದೇ ತರ ಕಾಣುತ್ತದೆ ಅಂದೆ. ಕೆಲವು ಸೆಟ್ ಚೆನ್ನಾಗಿಯೇ ಇರುತ್ತವೆ. ತೆಳು ಇದ್ದರೆ ವಾಪಸ್ ಮಾಡು.

ನಿಮ್ಮ ಅಕ್ಕನ ಮೆಷಿನ್ ಏನಾಯಿತು ಅಂತ ಹಿಂದಿನಿಂದ ಒಬ್ಬರು ಕೇಳಿದರು. ಅದನ್ನು ಹೇಳದೆ ಬಿಟ್ಟಿದ್ದೆ. ಅವಳ ಮಗನ ಗೆಳೆಯ ಇಂಜಿನಿಯರಿಂಗ್ ಓದುತ್ತಾನೆ, ಅವನ ಕಾಲೇಜಿನಲ್ಲಿ ತ್ರೀಡಿ ಪ್ರಿಂಟರ್ ಇದೆ. ಮುರಿದ ಬಟನ್ನಿನ ಎರಡು ತುಂಡನ್ನೂ ಜೋಡಿಸಿ, ಕ್ಯಾಲಿಪರ್‌ನಲ್ಲಿ ಅಳೆದು, ನಾನು ಕಾಗದದ ಮೇಲೆ ಚಿತ್ರ ಬರೆದುಕೊಟ್ಟೆ. ಮೊದಲನೆಯದು ಸಡಿಲ ಆಯಿತು, ಎರಡನೆಯದು ಒಳಗೇ ಹೋಗಲಿಲ್ಲ, ಮೂರನೆಯದು ಟಿಕ್ ಅಂತ ಕೂತಿತು. ಮೂಲದ ಬಟನ್ ಒಂದು ಮಿಲಿಮೀಟರ್ ದಪ್ಪ ಇತ್ತು, ನಾವು ಎರಡು ಮಾಡಿದೆವು. ಒಂದು ವರ್ಷದಿಂದ ಓಡುತ್ತಿದೆ. ಅದೇ ಹುಡುಗನ ಹತ್ತಿರ ಇನ್ನೊಂದು ಸಣ್ಣ ಉಂಗುರ ಮಾಡಿಸಿದೆ, ಒಂದು ಕಡೆ ಹೊಸ ಮೆಷಿನ್ನಿನ ಕ್ಲಿಪ್, ಇನ್ನೊಂದು ಕಡೆ ಹಳೆಯ ಪೈಪಿನ ಅಳತೆ. ಈಗ ಅಕ್ಕ ತನ್ನ ಕಾರ್ಡ್‌ಲೆಸ್ ಮೆಷಿನ್ನಿಗೆ ಈ 1980ರ ದಶಕದ ಅಲ್ಯೂಮಿನಿಯಂ ಮೂತಿ ಸಿಕ್ಕಿಸಿ ಕಿಟಕಿಯ ಹಳಿ ಸ್ವಚ್ಛ ಮಾಡುತ್ತಾಳೆ. ಇವತ್ತು ನಿಮಗೆ ತೋರಿಸಲಿಕ್ಕೆ ಅಂತ ಕೇಳಿ ತಂದಿದ್ದೇನೆ, ಸಂಜೆ ವಾಪಸ್ ಕೊಡಬೇಕು.

ಚಹಾ ಬರುವವರೆಗೆ ಎಲ್ಲರೂ ಟೇಬಲ್ ಹತ್ತಿರ ಬಂದು ಮುಟ್ಟಿ ನೋಡಿ. ಸೀಳಿದ ಹೋಸ್ ಮನೆಯಲ್ಲಿದ್ದರೆ ಬಿಸಾಡಬೇಡಿ, ಮುಂದಿನ ಭಾನುವಾರ ತನ್ನಿ, ಚಾಕು ಮತ್ತು ಹಿಡಿಗಳ ಡಬ್ಬಿ ನಾನು ತರುತ್ತೇನೆ.